ಸೊಂಟ ಒತ್ತುವ ಕೈ

ಅಂಗಳದಲ್ಲಿ ಮಲಗಿಸಿದ್ದ ಅತ್ತೆಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದ ಈರಕ್ಕ, ಚೀರಾಟ ಕೇಳಿ ಗಂಟು ಹಾಕದೆಯೇ ಎದ್ದಳು.

ಪಕ್ಕದ ಮನೆಯ ಗುರುಶಾಂತಮ್ಮ ಗೋಡೆ ಹಿಡಿದು ನಿಂತಿದ್ದಳು, ತುಂಬು ಬಸುರಿ. ಈರಕ್ಕನ ಅತ್ತೆ, ಸೆಟ್ಟೂರಿನ ಸೂಲಗಿತ್ತಿ ಮುನಿಯಕ್ಕ ಬೆಳಗ್ಗೆ ತೀರಿಕೊಂಡಿದ್ದಳು. ಬೇಡವೆಂದರೂ ಮುಖ ನೋಡಲು ಬಂದವಳಿಗೆ ಅಲ್ಲೇ ನೋವು ಶುರುವಾಗಿತ್ತು.

"ಕಲ್ಯಾಣದುರ್ಗದ ಆಸ್ಪತ್ರೆಗೆ ಕರ್ಕಂಡೋಯ್ತೀನಿ" ಎಂದ ಅವಳ ಗಂಡ ಮರುಳಸಿದ್ದಪ್ಪ.

"ಇದ್ದಿಲಲ್ಲಿ ಓಡೋ ಬಸ್ಸು ಬರೋದು ಸಂಜೆಗೆ ಕಣಪ್ಪ. ಗಾಡೀಲಿ ಹೋದ್ರೆ ದಾರೀಲೇ ಆಗ್ಬುಡ್ತದೆ" ಎಂದಳು ನೆರೆಯ ಮುನೆಮ್ಮ. "ಈರಕ್ಕಾ, ನೀನೇ ನೋಡೇ."

"ನಾನು ಅತ್ತೆಗೆ ನೀರು ಕಾಯಿಸಿಕೊಟ್ಟೋಳು ಅಷ್ಟೆ. ಯಾರನ್ನೂ ಮುಟ್ಟಿಲ್ಲ."

"ಹೆಣ ಎತ್ತೋಗಂಟ ಸೂತಕದ ಕೈ ಬ್ಯಾಡ" ಎಂದ ಹಿರಿಯ ಗಿರಿಯಪ್ಪ.

"ಕೂಸು ಕಾಯ್ತದಾ ಮಾವ?" ಮುನೆಮ್ಮ ಈರಕ್ಕ, ಗುರುಶಾಂತಮ್ಮ ಇಬ್ಬರನ್ನೂ ಒಳಕೋಣೆಗೆ ತಳ್ಳಿದಳು.

*

ಹಿಂದೂಪುರದಿಂದ ಸೊಸೆಯಾಗಿ ಬಂದ ಈರಕ್ಕನಿಗೆ ತಾಯಿಯಿರಲಿಲ್ಲ. ಚೊಚ್ಚಲ ಹೆರಿಗೆ ಇಲ್ಲೇ ಆಯಿತು. ಮುನಿಯಕ್ಕ ಅವಳನ್ನು ಮಲಗಲು ಬಿಡಲಿಲ್ಲ. ನಡೆಸಿದಳು, ತೊಲೆಗೆ ಬಿಗಿದ ಹಗ್ಗ ಹಿಡಿಸಿ ಕುಕ್ಕರಗಾಲಲ್ಲಿ ಕೂರಿಸಿದಳು, ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಟ್ಟು ಅಂಗೈಯ ಬುಡದಿಂದ ಸೊಂಟ ಒತ್ತಿದಳು.

"ಹಲ್ಲು ಕಚ್ಬೇಡ ತಲ್ಲೀ. ನನ್ಜೊತೆ ಊಂ ಅನ್ನು, ಉಸಿರು ಬಿಡ್ತಾ" ಎಂದು ದಪ್ಪ ದನಿಯಲ್ಲಿ ತಾನೂ ಗುನುಗಿದಳು.

ನೋವು ಹೋಗಲಿಲ್ಲ, ಆದರೆ ಅದರೊಳಗೆ ನಿಲ್ಲಲು ಒಂದು ಜಾಗ ಸಿಕ್ಕಿತು. ಕೂಸು ಮಾತ್ರ ಉಳಿಯಲಿಲ್ಲ. ಅಂದಿನಿಂದ ಹೆರುವವರ ಹತ್ತಿರ ಹೋಗಲು ಈರಕ್ಕನಿಗೆ ಭಯ.

*

ಈರಕ್ಕ ಅಂಗೈಯ ಬುಡವನ್ನು ಗುರುಶಾಂತಮ್ಮನ ಸೊಂಟಕ್ಕೆ ಒತ್ತಿದಳು. "ಊಂ ಅನ್ನಮ್ಮ."

ಇಬ್ಬರ ದನಿ ಸೇರಿತು. ಮುನೆಮ್ಮ ನೀರಿಗೆಂದು ಹೊರಗೆ ಹೋಗಿದ್ದಳು. ಆದರೂ ಕೋಣೆಯಲ್ಲಿ ಮೂರನೆಯ ದನಿಯೊಂದು, ದಪ್ಪಗೆ, ಗುನುಗುತ್ತಿತ್ತು.

"ಈಗ ತಡ್ಕೊಬೋದು ಅಕ್ಕಾ." ಗುರುಶಾಂತಮ್ಮ ಕಣ್ಣು ಮುಚ್ಚಿಯೇ ಕೇಳಿದಳು, "ಸೊಂಟ ನೀನು ಒತ್ತುತಿದ್ದೀಯ. ಭುಜ ಹಿಡ್ಕಂಡಿರೋರು ಯಾರು?"

ಈರಕ್ಕನಿಗೆ ಓಡಿಬಿಡಬೇಕೆನ್ನಿಸಿತು. ಕೈ ತೆಗೆಯಲಿಲ್ಲ.

"ನಮ್ಮೋರೇ ಕಣಮ್ಮ. ಒರಗ್ಕೋ."

ಕೂಸು ಅತ್ತಾಗ ಹೊರಗೆ ಸಾವಿನ ತಮಟೆ ತಟ್ಟನೆ ನಿಂತಿತು.

ಕೈ ತೊಳೆದು ಈರಕ್ಕ ಅಂಗಳಕ್ಕೆ ಬಂದಳು. ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಬಾಗಿದ್ದರು.

"ಎತ್ತೋಣ್ವೇನಮ್ಮ?" ಎಂದ ಗಿರಿಯಪ್ಪ.

"ಒಸಿ ತಡೀರಿ ಮಾವ."

ಮುನಿಯಕ್ಕನ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಈರಕ್ಕ ಪಕ್ಕದಲ್ಲಿ ಕೂತು, ಸೆರಗಿನಿಂದ ಮೆಲ್ಲಗೆ ಅದನ್ನು ಒರೆಸಿದಳು.