ಗಂಟಿಗೆ ಒಂದು ಗೇಣು

ಹೊಲದ ಎಂಬ ಮಾತಿನ ಮುಂದೆ ಒಂದು ಪ್ರಶ್ನೆಚಿಹ್ನೆ, ಯಾರೂ ಟೈಪ್ ಮಾಡದ್ದು, ಎಲ್ಲಿಂದ ಬಂತು ಇದು ಎಂದು ಶಾಂಭವಿ ಪರದೆಯತ್ತ ಬಗ್ಗಿದಳು — ಆನೆ: ದೊಡ್ಡಬೀರಯ್ಯನ ಹೊಲದ ? — ಬೆಳಿಗ್ಗೆ ಆರೂವರೆಗೆ ತನ್ನೂರು ಹಂಪಾಪುರದ ಫೋನುಗಳಿಗೆಲ್ಲ ಹೋದ ಮೆಸೇಜು, ಹುಣಸೂರಿನ ಈ ರೂಮಿನಲ್ಲಿ ಕೂತು ಅವಳೇ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಕಳಿಸಿದ್ದು, ಕಾಡಂಚಿನ ಕಾವಲುಗಾರ ಸಣ್ಣಯ್ಯ ಜಾಗ ಟೈಪ್ ಮಾಡಿದರೆ ಆನೆ ಎಂಬುದರ ಮುಂದೆ ಅದನ್ನು ಜೋಡಿಸಿ ಕಳಿಸುವುದು, ಅಷ್ಟೇ ಅದರ ಕೆಲಸ, ಏಳಕ್ಕೆ ಅವ್ವ ಫೋನ್ ಮಾಡಿದ್ದಳಲ್ಲ, ಹಗ್ಗ ಹೆಗಲಿಗೆ ಹಾಕಿಕೊಂಡೇ ಮಾತಾಡಿರಬೇಕು, ನಿನ್ ಮೆಸೇಜು ಬಂತು ಕಣ್ ಮಗಾ, ಆನೆ ಬೀರಯ್ಯನ್ ಹೊಲ್ದಾಗೈತಂತೆ, ನಾನು ಕೆರೆ ಏರಿ ಕಡೆ ಹುಲ್ಲಿಗೋಯ್ತೀನಿ, ಹೂಂ ಅವ್ವ ಅಂಗೇ ಮಾಡು, ಹಾಗೆಂದವಳು ತಾನೇ, ಹಲ್ಲುಜ್ಜುತ್ತಾ, ಎಷ್ಟೊಂದು ಹೆಮ್ಮೆಯಿಂದ.

ಸಣ್ಣಯ್ಯ ಟೈಪ್ ಮಾಡಿದ್ದು ಯಂತ್ರದಲ್ಲಿ ಪೂರ್ತಿ ಇದೆ, ದೊಡ್ಡಬೀರಯ್ಯನ ಹೊಲದ ಆಚೆ ಕೆರೆ ಏರಿ — ನಮ್ಮ ಕಡೆಯವರು ಜಾಗ ಹೇಳುವುದೇ ಹಾಗೆ, ಗುರುತಿನವರ ಹೊಲದಿಂದ ಹೊರಟು ಜಾಗಕ್ಕೆ ಬರುವುದು ಕೊನೆಯಲ್ಲಿ, ಹಂಪಾಪುರದಲ್ಲಿ ಹುಟ್ಟಿದವಳಿಗೆ ಇದು ಗೊತ್ತಿರಲಿಲ್ಲವೇ, ಇಡೀ ಮೆಸೇಜಿಗೆ ಅರವತ್ತನಾಲ್ಕು ಬೈಟ್ ಜಾಗ ಸಾಕು ಎಂದಳಲ್ಲ, ಕನ್ನಡದ ಅಕ್ಷರಕ್ಕೆ ಮೂರು ಬೈಟ್, ಒತ್ತಿಗೆ ಬೇರೆ, ದೀರ್ಘಕ್ಕೆ ಬೇರೆ, ಗುರುಪುರ ಎಂಬ ಚಿಕ್ಕ ಹೆಸರು ಹಾಕಿ ನೋಡಿ ಸರಿಯಿದೆ ಎಂದು ಎದ್ದಳಲ್ಲ. ಮೊದಲು ಸ್ಟ್ರ್‌ಕ್ಯಾಟ್‌ ಎಂಬ ಆಜ್ಞೆಯಲ್ಲಿ ಜೋಡಿಸುತ್ತಿದ್ದಳು, ಉದ್ದದ ಹೆಸರು ಪಕ್ಕದ ಮೆಮೊರಿಗೆ ನುಗ್ಗಿ ಯಂತ್ರವೇ ನಿಂತುಹೋಯಿತು, ಆಮೇಲೆ ಎಸ್‌ಎನ್‌ಪ್ರಿಂಟ್‌ಎಫ್ ಎಂಬ ಇನ್ನೊಂದು ಆಜ್ಞೆ, ಅದು ಇದ್ದಷ್ಟು ಜಾಗ ತುಂಬಿ ಕೊನೆಯ ಬೈಟಿಗೆ ಸೊನ್ನೆ ಇಟ್ಟು ಮುಗಿಸುತ್ತದೆ, ಅವ್ವ ಹೊರೆ ಕಟ್ಟುವ ಹಾಗೆ, ಗಂಟಿಗೆ ಒಂದು ಗೇಣು ಹಗ್ಗ ಬುಡ್ಬೇಕು ಕಣ್ ಮಗಾ, ಬಿಟ್ಟೆ ಅವ್ವ, ಗಂಟಿಗೆ ಬಿಟ್ಟೆ, ಹುಲ್ಲು ಎಷ್ಟು ಹೊರಗುಳಿಯಿತೆಂದು ನೋಡಲಿಲ್ಲ, ಅದು ಹೇಳಿತ್ತು, ತೊಂಬತ್ತಮೂರು ಬೇಕಿತ್ತು ಎಂದು ಲೆಕ್ಕ ವಾಪಸು ಕೊಟ್ಟಿತ್ತು, ಅರವತ್ತನಾಲ್ಕರೊಳಗಿದೆಯೇ ಎಂದು ಕೇಳುವ ಒಂದು ಸಾಲು, ಒಂದೇ ಒಂದು ಸಾಲು, ಬರೆಯಲಿಲ್ಲ, ಆಚೆ ಎಂಬುದರ ಮೊದಲ ಅಕ್ಷರ ಅರ್ಧಕ್ಕೆ ತುಂಡಾಗಿ ಪ್ರಶ್ನೆಚಿಹ್ನೆಯಾಗಿ ನಿಂತಿದೆ, ಯಂತ್ರಕ್ಕೆ ಏನೂ ಆಗಿಲ್ಲ, ಹಸಿರು ದೀಪ ಉರಿಯುತ್ತಲೇ ಇದೆ.

ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ಒಂಬತ್ತನೇ ಸಲ, ಎತ್ತು ಅವ್ವ, ಬೈದರೂ ಸರಿ ಎತ್ತು, ಆ ಸಾಲು ಈಗ ಬರೆಯುತ್ತೇನೆ, ಬರೆದೇ ಬಿಟ್ಟಳು, ಯಾರಿಗೆ ಬೇಕು ಈಗ, ಫೋನು ಹೊಡೆದುಕೊಂಡಿತು, ಅವ್ವನನ್ನು ಹುಡುಕಲು ಅವಳೇ ಕಳಿಸಿದ್ದ ಸಣ್ಣಯ್ಯ, ನಾನು ಏರಿ ಮೇಲೇ ಅವ್ನಿ ಕಣವ್ವ, ಆನೆ ಕಾಡಿಗೋಯ್ತು, ನಿಮ್ಮವ್ವ ಎಲ್ಲೂ ಕಾಣ್ತಿಲ್ಲ, ಕೂಗ್ತಾವ್ನಿ, ಹುಲ್ಲಿನ್ ಹೊರೆ ಮಾತ್ರ ಐತೆ, ಕಟ್ಟಿದ್ದು ಕಟ್ದಂಗೇ ಐತೆ — ಅವನು ಇನ್ನೂ ಏನೋ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ, ಕೆರೆ ಏರಿ, ಹೊರೆ, ಹೊರೆಯ ಮೇಲೆ ಗಂಟು, ಗಂಟಿನಾಚೆ ಒಂದು ಗೇಣು ಹಗ್ಗ, ಗಂಟಿನಾಚೆ ಒಂದು ಗೇಣು ಹಗ್ಗ