ಕಾರು ವಿಚಾರಿಸಲು ಹೋದದ್ದು

ಗುರುಪುರದಿಂದ ಸ್ವಲ್ಪ ಒಳಗಿರುವ ಆ ಊರಿನಲ್ಲಿ ದೇವರಾಜು ಎಂದರೆ ಮಾತಿಗೆ ಬೆಲೆಯಿದ್ದ ಮನುಷ್ಯ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು, ನೀರಾವರಿಯ ಗದ್ದೆ ಇತ್ತು, ಊರಿನ ತಕರಾರುಗಳೆಲ್ಲ ಅವನ ಜಗಲಿಗೇ ಬರುತ್ತಿದ್ದವು. ಮಗಳು ರೂಪಶ್ರೀ ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಟೀಚರ್. ದಿನಾ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿದ್ದ ಅವಳು ಕರೆಂಟಿನ ಕಾರು ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಳು.

ದೇವರಾಜುವಿಗೆ ಧೈರ್ಯ ಸಾಲಲಿಲ್ಲ. ನಡುದಾರಿಯಲ್ಲಿ ನಿಂತುಹೋದರೆ ಏನು ಗತಿ, ಮಳೆಗಾಲದಲ್ಲಿ ಕರೆಂಟು ಹೋದರೆ ಶಾಲೆಗೆ ಹೋಗುವುದು ಹೇಗೆ ಎಂದು ಅವನ ಚಿಂತೆ. ಮೈಸೂರಿನ ಶೋರೂಮಿನ ಹುಡುಗ ಕೇಳಿದ್ದಕ್ಕೆಲ್ಲ ಏನೂ ತೊಂದರೆ ಇಲ್ಲ ಸಾರ್ ಎಂದೇ ಹೇಳಿದ್ದರಿಂದ ಅವನ ಅನುಮಾನ ಇನ್ನೂ ಜಾಸ್ತಿಯಾಯಿತು. ಕೊನೆಗೆ ರೂಪಶ್ರೀ, ಓಡಿಸುವವರನ್ನೇ ಕೇಳಿಬಿಡೋಣ, ನಮ್ಮೂರಲ್ಲೇ ಸಂಘಮಿತ್ರಕ್ಕ ಇದ್ದಾರಲ್ಲ ಎಂದಳು. ದೇವರಾಜು ಹೂಂ ಎನ್ನಲಿಲ್ಲ, ಊಹೂಂ ಎನ್ನುವುದಕ್ಕೂ ಕಾರಣ ಹೊಳೆಯಲಿಲ್ಲ. ಹೊಳೆದ ಕಾರಣ ಮಗಳ ಮುಂದೆ ಹೇಳುವಂಥದ್ದಾಗಿರಲಿಲ್ಲ.

ಸಂಘಮಿತ್ರ ಕೆಳಗಿನ ಕೇರಿಯ ದೊಡ್ಡಮಾದಯ್ಯನ ಮಗಳು. ಎಚ್.ಡಿ. ಕೋಟೆಯಲ್ಲಿ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಕೆಲಸ. ಊರಿಗೆ ಮೊದಲು ಕರೆಂಟಿನ ಕಾರು ತಂದವಳು ಅವಳೇ. ಅವಳ ಮನೆಯ ಓಣಿಗೆ ಕಾರು ನುಗ್ಗದು. ಅದಕ್ಕೇ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ, ತನ್ನ ಮನೆಯ ಮೀಟರಿನಿಂದ ಗೋಡೆಗುಂಟ ಪೈಪಿನೊಳಗೆ ವೈರು ಎಳೆಸಿ ಚಾರ್ಜಿಗೆ ಹಾಕುತ್ತಿದ್ದಳು.

ಕಾರು ಬಂದ ಹೊಸದರಲ್ಲಿ ಒಂದು ಸಂಜೆ ದೇವರಾಜು ಫೋನಿನಲ್ಲಿ ಮಾತಾಡುತ್ತ ರಸ್ತೆಯ ಮಧ್ಯದಲ್ಲೇ ನಡೆದಿದ್ದ. ಹಿಂದೆ ಕಾರು ಬಂದದ್ದು ಅವನಿಗೆ ಕೇಳಿಸಲಿಲ್ಲ, ಅದಕ್ಕೆ ಸದ್ದೇ ಇರಲಿಲ್ಲವಲ್ಲ. ಸಂಘಮಿತ್ರ ಮೆಲ್ಲಗೆ ಒಂದು ಹಾರನ್ ಹೊಡೆದಳು. ಇವನು ಬೆಚ್ಚಿಬಿದ್ದು ಪಕ್ಕಕ್ಕೆ ಹಾರಿ, ಪಂಚೆ ಸಮೇತ ಚರಂಡಿಗಿಳಿದ. ಟೀ ಅಂಗಡಿಯಲ್ಲಿ ಕೂತಿದ್ದವರು ನಕ್ಕರು. ಅವಳು ಇಳಿದು ಬಂದು ಕೈ ಕೊಡಲು ನೋಡಿದಳು. ಅವನು ಹಿಡಿಯಲಿಲ್ಲ.

ಆ ವಾರದಲ್ಲೇ ಲೈನ್‌ಮನ್ ಪ್ರಭುಸ್ವಾಮಿ ಸಿಕ್ಕಾಗ ದೇವರಾಜು, ಟ್ಯಾಂಕಿನ ಹತ್ತಿರ ಒಂದು ಕಡಸಿಗೆ ಶಾಕ್ ಹೊಡೆದಿದೆ, ನಾಳೆ ಮಕ್ಕಳಿಗೆ ಹೊಡೆದರೆ ಯಾರು ಹೊಣೆ ಎಂದ. ಹಾಗೆಂದವನು ದೇವರಾಜು ಆದ್ದರಿಂದ ಪ್ರಭುಸ್ವಾಮಿ ಯಾವ ಕಡಸು ಎಂದು ಕೇಳಲಿಲ್ಲ. ವೈರು ಕೀಳಿಸಿದ. ಶಾಕ್ ಹೊಡೆದ ಕಡಸು ಮಾತ್ರ ಊರಿನಲ್ಲೆಲ್ಲೂ ಇರಲಿಲ್ಲ.

ಭಾನುವಾರ ಅಪ್ಪ ಮಗಳು ಕೆಳಗಿನ ಕೇರಿಗೆ ಹೋದರು. ದೊಡ್ಡಮಾದಯ್ಯ ಗಡಿಬಿಡಿಯಿಂದ ಕುರ್ಚಿ ತಂದು ಹಾಕಿ, ಹೆಗಲ ಟವಲಿನಿಂದ ಒರೆಸಿದ. ಬನ್ನಿ ಬುದ್ದಿ, ಕೂತ್ಕಳಿ ಎಂದ. ಅವರು ಬಂದ ಕಾರಣ ಕೇಳಿ ಸಂಘಮಿತ್ರ ಖುಷಿಪಟ್ಟಳು. ಇಲ್ಲಿ ಕೂತು ಹೇಳಿದರೆ ಏನು ಗೊತ್ತಾಗುತ್ತದೆ, ಒಂದು ಸುತ್ತು ಹೋಗಿ ಬರೋಣ ಎಂದು ಇಬ್ಬರನ್ನೂ ಹತ್ತಿಸಿಕೊಂಡಳು. ದೇವರಾಜುವನ್ನು ಮುಂದೆ ಕೂರಿಸಿದಳು.

ದಾರಿಯುದ್ದಕ್ಕೂ ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಕಂಪನಿಯವರು ಹೇಳಿದಷ್ಟು ದೂರ ಓಡುವುದಿಲ್ಲ, ಎ.ಸಿ. ಹಾಕಿದರೆ ಇನ್ನೂ ಕಮ್ಮಿ. ಖರ್ಚು ಕಡಿಮೆ ಎನ್ನುವುದು ನಿಜ. ಒಂದು ಸಲ ಕೇರಳಕ್ಕೆ ಹೋದಾಗ ಚಾರ್ಜಿನ ಜಾಗ ಹುಡುಕಿ ಸುಸ್ತಾಯಿತು. ದೇವರಾಜು ಟೈರು ಕೇಳಿದ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದ, ಏರು ಹತ್ತುವುದನ್ನು ಕೇಳಿದ. ಯಾರೇ ಆದರೂ ಮೊದಲು ಕೇಳುವ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ. ಅದನ್ನು ಹಿಂದಿನ ಸೀಟಿನಿಂದ ರೂಪಶ್ರೀ ಕೇಳಿದಳು.

“ನೀವು ಚಾರ್ಜಿಗೆ ಎಲ್ಲಿ ಹಾಕ್ತೀರಕ್ಕ?”

“ಮೊದ್ಲು ಟ್ಯಾಂಕಿನ ತಾವ ಹಾಕ್ತಿದ್ದೆ. ಅಲ್ಲಿ ಯಾರ್ದೋ ಕಡಸಿಗೆ ಶಾಕ್ ಹೊಡೀತಂತೆ, ವೈರ್ ತೆಗ್ಸುದ್ರು. ಈಗ ಕೋಟೇಲಿ ಡ್ಯೂಟಿ ಮುಗುದ್ ಮ್ಯಾಲೆ ಚಾರ್ಜ್ ಮಾಡ್ಕಂಡು ಬತ್ತೀನಿ. ಮನೆ ಸೇರಾದು ವಸಿ ತಡ ಆಯ್ತದೆ, ಅಷ್ಟೇಯ.”

ದೇವರಾಜು ಕಿಟಕಿಯ ಕಡೆ ತಿರುಗಿ ಕೂತ. ಅವಳು ಮಾತು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

“ಅದೇ ಬೇಜಾರು ಗೌಡ್ರೇ. ಯಾರ ಮನೆ ಕಡಸು ಅಂತ ಕೇಳ್ಕಂಡು ಮನೆಮನೆಗೂ ಓದೆ. ಔಸ್ದಿ ಕರ್ಚಾದ್ರೂ ಕೊಡಾನ ಅಂತ. ಯಾರೂ ಬಾಯ್ ಬುಡ್ನಿಲ್ಲ. ಸತ್ತೇ ಓಯ್ತೇನೋ ಅನ್ಕಂಡು ನಮ್ಮವ್ವ ಎರಡು ದಿನ ಉಣ್ನಿಲ್ಲ.”

ಕಾರಿನಲ್ಲಿ ಒಂಚೂರೂ ಸದ್ದಿರಲಿಲ್ಲ. ಡೀಸೆಲ್ ಗಾಡಿಯಾಗಿದ್ದರೆ ಆ ಗಲಾಟೆಯಲ್ಲಾದರೂ ಮುಖ ಮರೆಸಿಕೊಳ್ಳಬಹುದಿತ್ತು. ಅವಳು ತನ್ನ ಮನೆ ಬಾಗಿಲಿಗೂ ಬಂದಿದ್ದು ದೇವರಾಜುವಿಗೆ ಆಗ ನೆನಪಾಯಿತು. ಅವತ್ತು ಅವನು ಒಳಗೆ ಊಟಕ್ಕೆ ಕೂತಿದ್ದ. ಅವಳ ದನಿ ಕೇಳಿ ಹೆಂಡತಿ ರುಕ್ಮಿಣಮ್ಮನಿಗೆ, ನಮ್ಮದಲ್ಲ ಅಂತ ಹೇಳಿ ಕಳಿಸು ಎಂದಿದ್ದ. ಆಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡಿದ್ದ.

ವಾಪಸು ಬಂದಾಗ ಚಿಕ್ಕಸಿದ್ದಮ್ಮ, ಎರಡು ದಿನ ಉಪವಾಸವಿದ್ದ ಆ ತಾಯಿ, ಟೀ ತಂದಿಟ್ಟಳು. ಅವನು ಕುಡಿದ. ಏನಾದರೂ ಹೇಳಬೇಕೆಂದು ಬಾಯಿ ತೆರೆದವನು ಟೀ ಚೆನ್ನಾಗಿದೆ ಎಂದ.

ಕಾರಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿದ್ದನ್ನು ರೂಪಶ್ರೀ ಹಿಂದಿನ ಸೀಟಿನಿಂದ ನೋಡಿದ್ದಳು. ಮನೆಯ ಗೇಟು ದಾಟಿದ ಮೇಲೆ ಕೇಳಿದಳು.

“ಪ್ರಭುಸ್ವಾಮಿಗೆ ಯೋಳ್ದೋನು ನೀನಾ ಅಪ್ಪ?”

ಅವನು ಗೇಟಿನ ಚಿಲಕ ಹಾಕಲು ತಿರುಗಿದ. ಅವಳಿಗೆ ಅಷ್ಟೇ ಸಾಕಾಯಿತು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವತ್ತು ಅವನ ಜೊತೆ ಊಟಕ್ಕೆ ಕೂರಲಿಲ್ಲ, ಕಾರಿನ ಸುದ್ದಿಯನ್ನೂ ಎತ್ತಲಿಲ್ಲ.

ಮರುದಿನ ದೇವರಾಜು ಪ್ರಭುಸ್ವಾಮಿಯನ್ನು ಹುಡುಕಿಕೊಂಡು ಹೋದ. ಅವನು ಟೀ ಅಂಗಡಿಯಲ್ಲೇ ಸಿಕ್ಕಿದ. ವೈರು ಮತ್ತೆ ಹಾಕಿಕೊಳ್ಳಲಿ ಬಿಡು ಎಂದು ದೇವರಾಜು ಪಿಸುದನಿಯಲ್ಲಿ ಹೇಳಿದ, ಅಷ್ಟಕ್ಕೇ ಮುಗಿಸಬೇಕೆಂದಿದ್ದ. ಆದರೆ ಪ್ರಭುಸ್ವಾಮಿ, ಅದು ಹೇಗಾಗುತ್ತದೆ ಗೌಡ್ರೇ, ದನಕ್ಕೆ ಶಾಕ್ ಹೊಡೆದ ಜಾಗ ಅಂತ ನೀವೇ ಹೇಳಿದ್ದಿರಲ್ಲ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು.

“ಯಾವ ಕಡಸ್ಗೂ ಏನೂ ಆಗಿರ್ನಿಲ್ಲ ಕಣಪ್ಪ” ಎಂದ ದೇವರಾಜು. “ನಾನೇ ಸುಳ್ಳು ಯೋಳ್ದೆ.”

ಪ್ರಭುಸ್ವಾಮಿ, ಹಾಗಾದರೆ ಇವತ್ತೇ ಹಾಕಿಸುತ್ತೇನೆ ಎಂದ. ಅಂಗಡಿಯವನು ಲೋಟ ತೊಳೆಯಲು ಬಗ್ಗಿದ. ದೇವರಾಜು ಅಲ್ಲಿಂದ ಸೀದಾ ಟ್ಯಾಂಕಿನ ಹತ್ತಿರ ಹೋದ. ಸಂಘಮಿತ್ರ ಕೆಲಸಕ್ಕೆ ಹೊರಟು ಕಾರಿನ ಗಾಜು ಒರೆಸುತ್ತಿದ್ದಳು. ಅವಳಿಗೂ ಅದೇ ಮಾತು ಹೇಳಿದ. ಇವತ್ತೇ ವೈರು ಹಾಕಿಸುತ್ತಾರೆ ಎಂದೂ ಹೇಳಿದ.

ಅವಳು ಬಟ್ಟೆ ಹಿಡಿದುಕೊಂಡೇ ನಿಂತಳು. ಬಯ್ಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಅವಳು ಒಂದೇ ಮಾತು ಕೇಳಿದಳು.

“ಯಾಕ್ ಗೌಡ್ರೇ?”

ದೇವರಾಜು ಹೇಳಲು ನೋಡಿದ. ಒಂದು ಹಾರನ್ನು, ಒಂದು ಚರಂಡಿ, ನಾಲ್ಕು ಜನರ ನಗು. ಅಷ್ಟನ್ನು ಆ ಹೆಣ್ಣುಮಗಳ ಮುಂದೆ ಇಡಲು ಅವನಿಗೆ ನಾಲಿಗೆ ಏಳಲಿಲ್ಲ. ತಪ್ಪಾಯ್ತು ಕಣವ್ವ ಎಂದ. ಅವಳು ತಲೆಯಾಡಿಸಿ, ಡ್ಯೂಟಿಗೆ ಹೊತ್ತಾಯಿತು ಎಂದು ಕಾರು ಹತ್ತಿದಳು.

ಮುಂದಿನ ತಿಂಗಳು ರೂಪಶ್ರೀಯೂ ಕಾರು ತಂದಳು. ತೆಗೆದುಕೊ ಎಂದವನು ದೇವರಾಜುವೇ. ಮೈಸೂರಿಗೆ ಹೋಗಿ ತರುವ ದಿನ ಅವಳು ಸಂಘಮಿತ್ರಳನ್ನೂ ಜೊತೆಗೆ ಕರೆದಳು. ಬನ್ನಿ ಎಂದು ಇಬ್ಬರೂ ಕರೆದರೂ ದೇವರಾಜು ಹೋಗಲಿಲ್ಲ. ಬ್ಯಾರನ್ನಿನಲ್ಲಿ ಕೆಲಸವಿದೆ ಎಂದು ಹೇಳಿ ಮನೆಯಲ್ಲೇ ಉಳಿದ.