ನಡುಗದ ನೆಲ

“ನಿನ್ನ ಯಾರೂ ಕಟ್ಟಂಗಿಲ್ಲ, ದೊಡ್ಡವ್ವಾ. ನಾ ಕಟ್ಟಾಕ ಬಿಡಂಗಿಲ್ಲ.”

ಈ ಮಾತು ಕೊಟ್ಟಾಗ ಮಂಗಲಾ ಇನ್ನೂ ಶಾಲೆಗೆ ಹೋಗುವ ಹುಡುಗಿ. ರಬಕವಿಯ ಅವರ ಓಣಿಯಲ್ಲಿ ಎದುರು ಮನೆಯ ಮುದುಕಿಗೆ ಬುದ್ಧಿ ಸ್ಥಿಮಿತ ತಪ್ಪಿತ್ತು. ಮನೆಮಂದಿಯೆಲ್ಲ ಮಗ್ಗಕ್ಕೆ ಕುಳಿತ ಹೊತ್ತಿನಲ್ಲಿ ಆಕೆ ಹೊಳೆಯ ದಾರಿ ಹಿಡಿಯುತ್ತಾಳೆಂದು, ಹಳೆಯ ಸೀರೆಯ ಅಂಚು ಹರಿದು, ಆ ದಡಿಯಿಂದ ಕಾಲನ್ನು ಕಂಬಕ್ಕೆ ಕಟ್ಟಿದ್ದರು. ಮಂಗಲಾಳ ದೊಡ್ಡವ್ವ ಬೋರವ್ವ ಅದನ್ನು ನೋಡಿ ಬಂದವಳು ಅವತ್ತು ರೊಟ್ಟಿ ಮುಟ್ಟಲಿಲ್ಲ.

“ಎಮ್ಮಿ ಕಟ್ಟಿದಂಗ ಕಟ್ಯಾರಲೇ. ನನಗೂ ಹಂಗ ಆತಂದ್ರ ಹೊಳಿಗಿ ದೂಡಿಬಿಡು, ಕಟ್ಟಬ್ಯಾಡ,” ಎಂದಿದ್ದಳು.

ತಾಯಿ ಸತ್ತ ಮೇಲೆ ಮಂಗಲಾಳನ್ನು ಎತ್ತಿ ಆಡಿಸಿದವಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಓದಿಸಿದವಳು ಬೋರವ್ವನೇ. ಹುಡುಗಿ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಬೋರವ್ವ ಆಮೇಲೆ ರೊಟ್ಟಿ ತಿಂದಳು.

ಈಗ ಬೋರವ್ವನಿಗೆ ಎಂಬತ್ತು ದಾಟಿದೆ. ಮಂಗಲಾಳ ಮನೆ ಬನಹಟ್ಟಿಯಲ್ಲಿ. ಮುಂದೆ ಎರಡು ಕೋಣೆ, ಹಿಂದೆ ಪಾವರ್‌ಲೂಮಿನ ಶೆಡ್ಡು. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿದ್ದು ಮುದುಕಿಯ ಕಿವಿ ಮುಕ್ಕಾಲು ಹೋಗಿದೆ. ನೆನಪೂ ಆಗಾಗ ಕೈಕೊಡುತ್ತದೆ. ಆದರೆ ಒಂದು ಮಗ್ಗ ನಿಂತರೆ ಸಾಕು, ಎಲ್ಲಿದ್ದರೂ ಎದ್ದುಬಂದು ಹರಿದ ಎಳೆ ಹುಡುಕಿ ಕೈ ಹಾಕುವಳು. ಹೋದ ವರ್ಷ ಹೀಗೆ ಕೈ ಹಾಕಿದ್ದಾಗಲೇ ಮಂಗಲಾಳ ಗಂಡ ವಿಜಯ ಆಚೆಯಿಂದ ಮಗ್ಗ ಚಾಲೂ ಮಾಡಿದ. ಮುದುಕಿಯ ಎರಡು ಬೆರಳು ಜಜ್ಜಿಹೋದವು. ಗಂಡಹೆಂಡಿರಿಬ್ಬರೂ ದುಡಿಯುವ ಮನೆ, ಮಗಳು ಪೂರ್ಣಿಮಾ ಕಾಲೇಜಿಗೆ ಹೋಗುವವಳು. ಕಾಯುವವರು ಯಾರು?

ಜಮಖಂಡಿಯಲ್ಲಿ ಒಂದು, ಮುಧೋಳದಲ್ಲಿ ಒಂದು ಆರೈಕೆ ಮನೆ ನೋಡಿದರು. ಎರಡೂ ದೊಡ್ಡ ರಸ್ತೆಯ ಮೇಲೆ. ಕಬ್ಬಿನ ಟ್ರ್ಯಾಕ್ಟರುಗಳ ಹಾಡು, ಹಾರ್ನು. ಕೊನೆಗೆ ಬೀಳಗಿ ದಾಟಿ ಅನಗವಾಡಿಯ ಹತ್ತಿರ, ಹೊಲಗಳ ನಡುವೆ ಇದ್ದ ಮನೆ ಮಂಗಲಾಳ ಮನಸ್ಸಿಗೆ ಬಂತು. ಅದನ್ನು ನಡೆಸುವ ಕಾಂಚನಾ ಮೇಡಂ, “ನಮ್ಮಲ್ಲಿ ಎಲಿ ಬಿದ್ರೂ ಕೇಳಸ್ತೈತಿ ನೋಡ್ರಿ, ಅಷ್ಟ ಶಾಂತ,” ಎಂದಿದ್ದರು. ಇಷ್ಟು ವರ್ಷ ಮಗ್ಗದ ಖಟಖಟದಲ್ಲಿ ಬೆಂದ ಜೀವ ಇನ್ನಾದರೂ ತಣ್ಣಗೆ ಮಲಗಲಿ ಎಂದು ಮಂಗಲಾ ಅಲ್ಲಿಗೇ ಬಿಟ್ಟುಬಂದಳು.

ಬಿಟ್ಟುಬಂದಳೇ ಹೊರತು ನಂಬಲಿಲ್ಲ. ಸೀರೆ ಕೊಳ್ಳುವ ಸಾವಕಾರರು ಮೇಲಿನ ಮಡಿಕೆ ನೋಡುವುದಿಲ್ಲ. ನಡುವಿನ ಮಡಿಕೆಗೆ ಕೈ ಹಾಕಿ, ಬಿಡಿಸಿ, ಬೆಳಕಿಗೆ ಹಿಡಿಯುತ್ತಾರೆ. ತಪ್ಪು ಇರುವುದು ಅಲ್ಲೇ. ರವಿವಾರದ ಭೆಟ್ಟಿಗೆ ಹೋದಾಗ ಮಂಗಲಾ ಕೂಡ ಹಾಗೆಯೇ ನೋಡುತ್ತಿದ್ದಳು. ಉಳಿದವರು ಬಾಳೆಹಣ್ಣು ಕೊಟ್ಟು ಕುಶಲ ಕೇಳುವಾಗ ಇವಳು ಗಾದಿಯ ಕೆಳಗೆ ಅಂಗೈ ತೂರಿಸಿ ತೇವ ನೋಡುವಳು. ಉಗುರು ನೋಡುವಳು. ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನಲ್ಲಿ ಹುಣ್ಣು ಎದ್ದಿದೆಯೋ ಎಂದು ನೋಡುವಳು. ತಂಬಿಗೆಯ ನೀರು ಇವತ್ತಿನದೋ ನಿನ್ನೆಯದೋ ಎಂದು ಮೂಸುವಳು.

“ಅಕ್ಕಾರ, ನೀವು ತಪಾಸಣಿ ಸಾಹೇಬ್ರಕಿಂತ ಜೋರ ಅದೀರಿ,” ಎಂದು ಅಲ್ಲಿ ಕೆಲಸ ಮಾಡುವ ಯಲ್ಲಕ್ಕ ನಗುತ್ತಿದ್ದಳು.

“ಸಾಹೇಬ್ರು ಮ್ಯಾಲಿಂದ ನೋಡ್ತಾರ. ನಾ ಒಳಗ ಕೈ ಹಾಕ್ತೇನಿ,” ಎನ್ನುತ್ತಿದ್ದಳು ಮಂಗಲಾ.

ಎಲ್ಲ ಸ್ವಚ್ಛವಿತ್ತು. ಅದೇ ಅವಳಿಗೆ ಚುಚ್ಚುತ್ತಿತ್ತು. ಬೋರವ್ವ ಮಾತ್ರ ಹಗಲೆಲ್ಲ ತೂಕಡಿಸುತ್ತಿದ್ದಳು. ಕೇಳಿದರೆ, “ವಯಸ್ಸಾತಲ್ರಿ, ಹಗಲ ಮಲಗತಾರ,” ಎಂದು ಕಾಂಚನಾ ಮೇಡಂ ಮೆಲ್ಲಗೆ ಹೇಳುವರು. ನಿದ್ದೆ ಮಾತ್ರೆ ಕೊಡುತ್ತಾರೇನೋ ಎಂದು ಮಂಗಲಾ ದಿಂಬಿನಡಿ, ಕಪಾಟಿನಲ್ಲಿ ಹುಡುಕಿದಳು. ಬಿಪಿ ಗುಳಿಗೆ ಬಿಟ್ಟರೆ ಏನೂ ಸಿಗಲಿಲ್ಲ.

ಒಂದು ರವಿವಾರ ಮುದುಕಿಯ ಕಾಲಿಗೆ ಎಣ್ಣೆ ಹಚ್ಚಲು ಸೀರೆ ಸರಿಸಿದಾಗ ಮಂಗಲಾಳ ಕೈ ನಿಂತಿತು. ಎಡಗಾಲಿನ ಹರಡಿನ ಮೇಲೆ, ಪಾದದ ಕೀಲಿನ ಸುತ್ತಲೂ ಒಂದು ಗೆರೆ. ಕೆಂಪಗೆ, ಬಳೆಯಷ್ಟು ಅಗಲ.

“ಇದೇನ ಯಲ್ಲಕ್ಕಾ?”

ಯಲ್ಲಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು. “ಕಾಲಚೀಲದ ಗುರುತರಿ. ಥಂಡಿ ಅಂತ ಹಾಕಿದ್ವಿ.”

“ಒಂದ ಕಾಲಿಗೆ?”

ಯಲ್ಲಕ್ಕ ಬಕೆಟ್ಟು ಎತ್ತಿಕೊಂಡು ಹೊರಟೇ ಹೋದಳು.

ಮಂಗಲಾ ಮುದುಕಿಯ ಕಿವಿಗೆ ಬಾಯಿ ಹಚ್ಚಿ ಕೇಳಿದಳು. “ದೊಡ್ಡವ್ವಾ, ಯಾರ ಕಟ್ಯಾರ? ಖರೆ ಹೇಳ ಬೇ.”

“ಊಟಾ ಛಲೋ ಕೊಡ್ತಾರ,” ಎಂದಳು ಬೋರವ್ವ, ಸೀರೆ ಕೆಳಗೆಳೆದುಕೊಳ್ಳುತ್ತ.

“ನಾ ಊಟಾ ಕೇಳಿದ್ನೇನ?”

“ಬ್ಯಾಳಿ ಸ್ವಲ್ಪ ತೆಳ್ಳಗ. ಆದ್ರೂ ಛಲೋ.”

ಪಕ್ಕದ ಮಂಚದ ಅನಸವ್ವ ಕಿಸಕ್ಕನೆ ನಕ್ಕಳು. ಬೀಳಗಿ ಕಡೆಯ ಮುದುಕಿ, ಬಾಯಿ ಚುರುಕು.

“ಅನಸವ್ವಾರ, ನೀವರ ಹೇಳ್ರಿ.”

“ನನಗ ಕಣ್ಣ ಕಾಣಂಗಿಲ್ಲವಾ. ಕಂಡ್ರೂ ಕಾಣಂಗಿಲ್ಲ. ಇಲ್ಲೇ ಇರಾಕಿ ನಾ. ನೀ ಬಸ್ ಹತ್ತಿ ಹೋಗತಿ.”

ಬಸ್ಸಿನಲ್ಲಿ ಮಂಗಲಾಗೆ ಆ ಮಾತೇ ಕೊರೆಯಿತು. ಮೂವರೂ ಏನನ್ನೋ ಮುಚ್ಚುತ್ತಿದ್ದಾರೆ, ಕಟ್ಟಿಸಿಕೊಂಡವಳು ಕೂಡ. ಹೆದರಿಸಿಟ್ಟಿರಬೇಕು. ಜಮಖಂಡಿಯಲ್ಲಿ ಬಸ್ಸು ಬದಲಿಸುವಾಗ ಗಂಡನಿಗೆ ಫೋನು ಮಾಡಿದಳು.

“ನೀ ಬರೇ ಸಂಶೇದಾಕಿ,” ಎಂದ ವಿಜಯ. “ಮೊದಲ ಗುಳಿಗಿ ಅಂದಿ, ಈಗ ಹಗ್ಗ ಅನ್ನಾಕತ್ತಿ.”

“ಹಗ್ಗ ಅಲ್ಲ. ಹಗ್ಗಾದ್ರ ತರಚತೈತಿ. ಇದು ಅರಿವಿ.”

ಹೇಳಿದ ಮೇಲೆ ಅವಳಿಗೆ ರಬಕವಿಯ ಎದುರು ಮನೆಯ ಕಂಬ ನೆನಪಾಯಿತು.

ಆ ವಾರ ಅವಳು ರವಿವಾರಕ್ಕೆ ಕಾಯಲಿಲ್ಲ. ಮಂಗಳವಾರ ಮಗ್ಗ ಗಂಡನಿಗೆ ಬಿಟ್ಟು ಮೊದಲ ಬಸ್ಸಿಗೆ ಹೊರಟಳು. ಗೇಟಿನಲ್ಲಿ ಕಾವಲಿನ ಪರಸಪ್ಪ ತಡೆದ. “ಇವತ್ತ ಭೆಟ್ಟಿ ಇಲ್ರಿ ಅಕ್ಕಾರ. ಕುಂಡ್ರಿ, ಒಳಗ ಹೇಳಿ ಬರ್ತೇನಿ.”

“ಏನ ಹೇಳಾಕ? ಮುಚ್ಚಿಡ್ರಿ ಅಂತನ?”

ಅವನು ಒಳಗೆ ಹೋಗುತ್ತಲೇ ಅವಳು ಬಟ್ಟೆ ಒಣಹಾಕುವ ಹಿತ್ತಲಿನಿಂದ ನುಗ್ಗಿದಳು. ಬೋರವ್ವ ಇನ್ನೂ ಮಲಗಿದ್ದಳು. ಮಂಗಲಾ ಚಾದರ ಎತ್ತಿದಳು.

ಎಡಗಾಲನ್ನು ಮಂಚದ ಸರಳಿಗೆ ಕಟ್ಟಿತ್ತು. ಸೀರೆಯ ಕೆಂಪು ದಡಿ.

“ಮೇಡಮ್ಮಾರ!”

ಅವಳ ಕೂಗಿಗೆ ಮನೆಯೆಲ್ಲ ಎದ್ದಿತು. ಯಲ್ಲಕ್ಕ ಓಡಿಬಂದು ಬಾಗಿಲಲ್ಲೇ ನಿಂತಳು. ಹಿಂದೆ ಕಾಂಚನಾ ಮೇಡಂ.

“ಇದೇನ್ರಿ? ಇದು ಆರೈಕಿ ಮನಿಯೋ ದನದ ಕೊಟ್ಟಿಗಿಯೋ? ಎಲಿ ಬಿದ್ರ ಕೇಳಸ್ತೈತಿ ಅಂದ್ರಿ, ಇದು ಕಾಣಸಲಿಲ್ಲೇನು?”

“ಮಂಗಲಾ ಅವರ, ಸಮಾಧಾನ ಮಾಡ್ಕೊಳ್ರಿ. ನಾವು ಕಟ್ಟಿಲ್ಲ.”

“ಹಂಗಾದ್ರ ಮಂಚಾನ ಕಟ್ಟಿಕೊಂಡೈತೇನು? ಪೊಲೀಸರನ್ನ ಕರಸ್ತೇನಿ ಇವತ್ತ.”

ಬಯ್ಯುತ್ತಲೇ ಅವಳು ಬಾಗಿ ಗಂಟು ಬಿಚ್ಚತೊಡಗಿದಳು. ಬಿಚ್ಚಲಿಲ್ಲ. ಚಪ್ಪಟೆಯಾದ, ಚಿಕ್ಕ ಗಂಟು, ಎಳೆದಷ್ಟೂ ಬಿಗಿಯುತ್ತಿತ್ತು. ಎರಡು ಬದಿಯ ತುದಿಗಳನ್ನು ಹರಿದು ಸಮ ಮಾಡಿತ್ತು. ಮಂಗಲಾಳ ಬೆರಳುಗಳು ಅವಳಿಗಿಂತ ಮೊದಲು ಸುಮ್ಮನಾದವು. ದಿನಕ್ಕೆ ಎಷ್ಟೋ ಸಲ, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿದಾಗಲೆಲ್ಲ, ಕಣ್ಣು ಮುಚ್ಚಿ ಅವು ಹಾಕುವ ಗಂಟು ಅದು. ಎಳೆಗಳು ಹಾಯುವ ಫಣಿಯ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳಬಾರದೆಂದು ತುದಿ ಸಮ ಮಾಡುವುದೂ ಅದೇ ಕಸುಬು.

ಆದರೂ ಅವಳ ಸಂಶಯ ಸೋಲಲಿಲ್ಲ. ಸೆರಗಿನ ಕುಚ್ಚು ಕಿತ್ತು ಯಲ್ಲಕ್ಕನ ಕೈಗೆ ಕೊಟ್ಟಳು. “ಗಂಟ ಹಾಕ ಇದಕ್ಕ.”

ಯಲ್ಲಕ್ಕ ಹಾಕಿದ್ದು ಹುಡುಗಿಯರ ಜಡೆಗೆ ಹಾಕುವ ಹೂಗಂಟು. ಕಾಂಚನಾ ಮೇಡಮ್ಮಿಗೂ ಅದೇ ಬಂತು.

“ಬಿಡವಾ ಅವರನ್ನ,” ಎಂದಳು ಅನಸವ್ವ. “ಅಕಿನ ಕಟ್ಟಕೋತಾಳ. ದಿನಾ ದೀಪಾ ಆರಿಸಿದ ಮ್ಯಾಲ. ತನ್ನ ಸೀರಿ ತಾನ ಹರಕೊಂಡಾಳ ಅದಕ್ಕ.”

ಬೋರವ್ವ ಎಚ್ಚರಾಗಿದ್ದಳು. ಮಂಗಲಾಳನ್ನು ನೋಡಿ ಅವಳ ಮುಖ ಸಪ್ಪಗಾಯಿತು. “ಕರಸೇಬಿಟ್ರಾ? ನಾ ಎದ್ದಿಲ್ಲವಾ, ರಾತ್ರಿ ಒಟ್ಟ ಎದ್ದಿಲ್ಲ. ಮಗ್ಗ ನಿಲ್ಲಿಸಿ ಬಂದೇನ ನೀ?”

ವಿಷಯ ಬಿಚ್ಚಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಂದ ದಿನದಿಂದಲೇ ಮುದುಕಿ ರಾತ್ರಿ ಎದ್ದು ಗೋಡೆ ಹಿಡಿದು ಓಡಾಡುತ್ತಿದ್ದಳು. ಒಮ್ಮೆ ಬಚ್ಚಲಲ್ಲಿ ಬಿದ್ದಳು. ಆಗ ಕಾಂಚನಾ ಮೇಡಂ, ಇನ್ನೊಮ್ಮೆ ಎದ್ದರೆ ಮಂಗಲಾಳನ್ನು ಕರೆಸಿ ವಾಪಸು ಕಳಿಸಿಬಿಡುತ್ತೇನೆ ಎಂದಿದ್ದರು. ಅಂದಿನಿಂದ ರಾತ್ರಿ ಏಳಬಾರದೆಂದು ಮುದುಕಿ ಕಾಲು ಕಟ್ಟಿಕೊಳ್ಳತೊಡಗಿದ್ದಳು. ಬಿದ್ದದ್ದನ್ನು ಮಂಗಲಾಗೆ ಯಾರೂ ತಿಳಿಸಿರಲಿಲ್ಲ.

“ಯಾಕ ಏಳತಿ ಬೇ, ರಾತ್ರಿ?” ಮಂಗಲಾ ಕೇಳಿದಳು.

ಬೋರವ್ವ ಗಂಟನ್ನು ತಾನೇ ಬಿಡಿಸಿ, ಕಾಲನ್ನು ನೆಲಕ್ಕಿಟ್ಟು ಅಂಗಾಲಿನಿಂದ ಒತ್ತಿ ನೋಡಿದಳು. “ನೆಲಾನ ನಡಗಂಗಿಲ್ಲ ಇಲ್ಲಿ. ಎಲ್ಲೋ ಎಳಿ ಹರದೈತಿ. ಹುಡುಕತೇನಿ, ಸಿಗವಲ್ದು.”

ಕಿವುಡು ಮುದುಕಿ ಇಷ್ಟು ವರ್ಷ ಮಗ್ಗವನ್ನು ಕಾಲಿನಿಂದ ಕೇಳುತ್ತಿದ್ದಳು. ಓಣಿಯಲ್ಲಿ ರಾತ್ರಿಯೂ ಮಗ್ಗ ನಡೆದು ನೆಲ ಅದುರುತ್ತಿದ್ದರೆ ಎಲ್ಲ ಸರಿಯಿದೆ ಎಂದು ನಿದ್ದೆ. ಅದುರು ನಿಂತರೆ ಎಚ್ಚರ. ಆ ಎಚ್ಚರವನ್ನು ತಂದು ಮಂಗಲಾ, ಹುಡುಕಿ ಹುಡುಕಿ, ಇದ್ದುದರಲ್ಲೇ ಶಾಂತವಾದ ಜಾಗದಲ್ಲಿ ಇಟ್ಟಿದ್ದಳು.

“ನಾವು ಬಿಚ್ಚಿದ್ರೂ ಮತ್ತ ಕಟ್ಟಕೋತಿದ್ರರಿ,” ಎಂದರು ಕಾಂಚನಾ ಮೇಡಂ.

“ಎಷ್ಟ ಸರ್ತಿ ಬಿಚ್ಚಿದ್ರಿ?”

ಮೇಡಂ ಯಲ್ಲಕ್ಕನ ಕಡೆ ನೋಡಿದರು. ಯಲ್ಲಕ್ಕ ನೆಲ ನೋಡಿದಳು.

“ಕಟ್ಟಲಿಲ್ಲ ನೀವು, ಖರೆ. ಕಟ್ಟಿಕೊಂಡದ್ದು ನಿಮಗೂ ಅನುಕೂಲ ಆತು,” ಎಂದಳು ಮಂಗಲಾ. ಅವತ್ತೇ ಗಂಟು ಮೂಟೆ ಕಟ್ಟಿದಳು. ಹೊರಡುವಾಗ ಅನಸವ್ವ, “ನನ್ನೂ ಒಯ್ಯ ನಿನ್ನ ಚೀಲದಾಗ ಹಾಕ್ಕೊಂಡು,” ಎಂದು ನಕ್ಕಳು. ಮಂಗಲಾಗೆ ನಗು ಬರಲಿಲ್ಲ.

ಮನೆಗೆ ಬಂದ ಸಂಜೆ ಬೋರವ್ವ ಮುಂದಿನ ಕೋಣೆಯಲ್ಲಿ ಚಾಪೆ ಸರಿಸಿ ಅಂಗೈಯನ್ನು ಬರೀ ನೆಲಕ್ಕಿಟ್ಟಳು. ನೆಲ ಅದುರುತ್ತಿತ್ತು. ಊಟಕ್ಕೆ ಎಬ್ಬಿಸಿದರೂ ಏಳದಷ್ಟು ನಿದ್ದೆ ಮಾಡಿದಳು. ಹಗಲು ತೂಕಡಿಕೆ ಹೋಯಿತು. ಪೂರ್ಣಿಮಾಳ ಜಡೆ ಹಾಕುವಷ್ಟು, ವಿಜಯ ಮಾಡಿದ ಚಹಾಕ್ಕೆ ಕೊಂಕು ತೆಗೆಯುವಷ್ಟು ಗೆಲುವಾದಳು. ಹರಡಿನ ಗೆರೆ ಮಾಸಿತು.

ಗಣಪತಿ ಹಬ್ಬದ ಸೀರೆಗಳ ಗಡಿಬಿಡಿಯಲ್ಲಿ ಒಂದು ಮಧ್ಯಾಹ್ನ ಬಾಗಿಲ ಬದಿಯ ಮಗ್ಗ ನಿಂತಿತು. ಮಂಗಲಾ ನೂಲು ತರಲು ಹೋಗಿದ್ದಳು. ಮರಳಿ ಬಂದಾಗ ಬೋರವ್ವ ಮಗ್ಗದ ಮೇಲೆ ಬಾಗಿದ್ದಳು, ಮೊಳಕೈತನಕ ಎಳೆಗಳ ಒಳಗೆ. ಆಚೆ ಬದಿಯಲ್ಲಿ ವಿಜಯನ ಕೈ ಸ್ವಿಚ್ಚಿಗೆ ಹೋಗಿತ್ತು. ಉಳಿದ ಮಗ್ಗಗಳ ಸದ್ದಿನಲ್ಲಿ ಮಂಗಲಾಳ ಕೂಗು ಯಾರಿಗೂ ಕೇಳಲಿಲ್ಲ. ನೂಲಿನ ಗಂಟನ್ನು ಗಂಡನ ಮೇಲೆ ಎಸೆದಳು. ಅವನು ತಿರುಗಿ ನೋಡಿದ.

ಕೈ ಉಳಿಯಿತು.

ವಿಜಯ ತಲೆ ಹಿಡಿದುಕೊಂಡು ಕುಳಿತ. “ಮತ್ತ ಅಲ್ಲೇ ಬಿಟ್ಟಬರೂಣೇನ?”

“ಬ್ಯಾಡ.”

“ಹಂಗಾದ್ರ ದಿನಾ ಯಾರ ಕಾಯೋರು? ನೀ ಕುಂಡ್ರತಿ ಏನ, ನಾ ಕುಂಡ್ರಲ್ಯಾ?”

ಮಂಗಲಾ ಒಳಗೆ ಹೋದಳು. ಟ್ರಂಕಿನಿಂದ ಮೆತ್ತನೆಯ ಹಳೆಯ ಸೀರೆ ತೆಗೆದು ದಡಿ ಹರಿದಳು. ಬೋರವ್ವ ಅದನ್ನು ನೋಡಿದಳು. ಏನೂ ಕೇಳದೆ ಎಡಗಾಲು ಮುಂದೆ ಚಾಚಿದಳು.

“ಮಗ್ಗ ನಡಿಯು ತನಕ ಅಷ್ಟ, ದೊಡ್ಡವ್ವಾ.”

“ಹೂಂ. ನಿನ್ನ ಕೆಲಸಾ ನೋಡ ಹೋಗು.”

ಮಂಗಲಾ ನೇಕಾರರ ಗಂಟು ಹಾಕಲಿಲ್ಲ. ಕಾಲನ್ನು ಮುಂದಿನ ಕೋಣೆಯ ಕಂಬಕ್ಕೆ ಕಟ್ಟಿ ಯಲ್ಲಕ್ಕ ಹಾಕಿದಂಥ ಹೂಗಂಟು ಹಾಕಿದಳು, ಒಂದು ತುದಿ ಎಳೆದರೆ ಬಿಚ್ಚುವಂಥದ್ದು. ಆ ತುದಿಯನ್ನು ಮುದುಕಿಯ ಕೈಗೆ ಸಿಗುವಲ್ಲೇ ಬಿಟ್ಟಳು. ಸಂಜೆ ಬಂದು ನೋಡಿದಾಗ ಗಂಟು ಹಾಗೆಯೇ ಇತ್ತು.

ಬೋರವ್ವನನ್ನು ಯಾರೂ ಕಟ್ಟದಂತೆ ನೋಡಿಕೊಳ್ಳುತ್ತೇನೆಂದು ಮಂಗಲಾ ಮಾತು ಕೊಟ್ಟಿದ್ದಳು. ಆ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.